ಗಟ್ಟಿ ಮನಿಷ್ಯಾಗ ಏನಾಗತೈತಿ?

ಹಾವೇರಿ ಜಿಲ್ಲೆಯ ಯಾವುದೇ ತಾಲ್ಲೂಕು ಆಸ್ಪತ್ರೆಯ ಚೀಟಿ ಸಾಲಿನಲ್ಲಿ ನಿಂತವರನ್ನು ‘ಏನಾಗೈತ್ರಿ’ ಎಂದು ಕೇಳಿ ನೋಡಿ. ಹಾನಗಲ್ಲಿರಲಿ, ಸವಣೂರಿರಲಿ, ಉತ್ತರ ಹೆಚ್ಚುಕಡಿಮೆ ಒಂದೇ. ಎದಿ ಭಾರ ಆಗೈತಿ, ಕೈಕಾಲು ಹರೀತಾವ, ತೆಲಿ ಧಿಮ್ ಅಂತೈತಿ, ಉಂಡದ್ದು ಕರಗವಲ್ದು, ರಾತ್ರಿ ನಿದ್ದಿ ಹತ್ತವಲ್ದು. ಮನಸ್ಸು ಕುಸಿದಿದೆ ಎಂದು ಬಾಯಿ ಬಿಟ್ಟು ಹೇಳುವವರು ಅಪರೂಪ. ಗ್ಯಾಸಿನ ಗುಳಿಗೆ, ನೋವಿನ ಗುಳಿಗೆ, ಒಂದು ಸೂಜಿ. ಅಲ್ಲಿಗೆ ಅವತ್ತಿನ ಕೆಲಸ ಮುಗಿಯಿತು. ಕೆಲವರಿಗೆ ಇರುವುದು ಗ್ಯಾಸೇ, ಸುಳ್ಳಲ್ಲ. ವರ್ಷಗಟ್ಟಲೆ ಅದೇ ಗುಳಿಗೆ ನುಂಗುತ್ತ, ಊರೂರು ಡಾಕ್ಟರನ್ನು ಬದಲಿಸುತ್ತ ಸಾಲದ ಮೇಲೆ ಸಾಲ ಮಾಡುವವರ ಕಥೆ ಬೇರೆ.

1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ ಜಾರಿಗೆ ಬಂದಾಗ ದೇಹ, ಮನಸ್ಸು, ಸಮಾಜ ಮೂರನ್ನೂ ಆರೋಗ್ಯದ ವ್ಯಾಖ್ಯೆಯೊಳಗೆ ಸೇರಿಸಿತು. ನಮ್ಮಲ್ಲಿ ಈ ಮೂರಕ್ಕೂ ಮೂರು ಬೇರೆ ಬಾಗಿಲು. ಮೈಗೆ ಡಾಕ್ಟರು, ಮನಸ್ಸಿಗೆ ಗುಡಿ ಇಲ್ಲವೇ ದರ್ಗಾ, ಮನೆಯ ತಂಟೆಗೆ ಊರ ಹಿರಿಯರು. ಒಂದು ಬಾಗಿಲಿಗೆ ಹೋದವರನ್ನು ಅಲ್ಲಿಯವರು ಇನ್ನೊಂದಕ್ಕೆ ಕಳಿಸಿಕೊಡುವುದಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಕಿವಿಗೆ ಬೀಳುವ ತಪ್ಪು ಕಲ್ಪನೆಗಳಲ್ಲಿ ಬಹುಪಾಲು ಹುಟ್ಟುವುದು ಈ ಬಾಗಿಲುಗಳ ನಡುವೆಯೇ. ಅಂಥ ಕೆಲವು ಮಾತುಗಳು ಇಲ್ಲಿವೆ.

‘ಹೊಲದಾಗ ದುಡಿಯೋ ಮೈಗೆ ವ್ಯಾಯಾಮ ಯಾಕ?’

ಅರ್ಧ ನಿಜ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕಳೆ ತೆಗೆಯುವ ಹೆಣ್ಣಾಳು ಅದನ್ನು ಒಂದೇ ದಿನಕ್ಕೆ ಮುಗಿಸಿಬಿಡುತ್ತಾಳೆ. ಆದರೆ ಹಿರೇಕೆರೂರು ಕಡೆಯ ಬೀಜೋತ್ಪಾದನೆ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡುವವರನ್ನು ನೋಡಿ. ಸಂಜೆ ಮೊಗ್ಗು ಬಿಡಿಸಿ ಗಂಡು ಕೇಸರ ಕೀಳಬೇಕು, ಮರುದಿನ ಮುಂಜಾನೆ ಬಂದು ಪರಾಗ ಮುಟ್ಟಿಸಬೇಕು, ಆ ಹೂವಿಗೆ ಗುರುತು ಕಟ್ಟಬೇಕು. ಬೆರಳುಗಳು ಓಡುತ್ತಿರುತ್ತವೆ, ಸೊಂಟ ಮಾತ್ರ ತಾಸುಗಟ್ಟಲೆ ಬಾಗಿದ ಕಡೆಯೇ ಬಾಗಿರುತ್ತದೆ. ಹಾನಗಲ್ಲಿನ ಗದ್ದೆಯಲ್ಲಿ ನಾಟಿ ಹಚ್ಚುವವರದ್ದೂ, ಹೆಗಲಿಗೆ ಪಂಪು ಏರಿಸಿ ಬಿಸಿಲಲ್ಲಿ ಎಣ್ಣಿ ಹೊಡೆಯುವವರದ್ದೂ ಇದೇ ಪಾಡು.

ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು ಇದನ್ನೇ ವರ್ಷಗಟ್ಟಲೆ ಅಳೆದಿದ್ದಾರೆ. ಬಿಡುವಿನಲ್ಲಿ ಮಾಡುವ ಓಡಾಟ, ಆಟ ಹೃದಯಕ್ಕೆ ಒಳ್ಳೆಯದು ಮಾಡುತ್ತದೆ. ಕೂಲಿಯ ಭಾರೀ ದುಡಿಮೆ ಅಷ್ಟು ಮಾಡುವುದಿಲ್ಲ, ಕೆಲವರಿಗೆ ಕೆಡಕೂ ಆಗುತ್ತದೆ. ಅವರು ಕೊಡುವ ಕಾರಣ ಸರಳ. ಆಟದಲ್ಲಿ ಎದೆಬಡಿತ ಸ್ವಲ್ಪ ಹೊತ್ತು ಏರಿ ಇಳಿಯುತ್ತದೆ, ಮೈಗೆ ಸುಧಾರಿಸಿಕೊಳ್ಳಲು ಹೊತ್ತು ಸಿಗುತ್ತದೆ. ಕೂಲಿಯಲ್ಲಿ ಅದು ಏರಿದ್ದು ಇಳಿಯುವುದೇ ಇಲ್ಲ. ಒಂದೇ ಭಂಗಿ, ಒಂದೇ ಭಾರ, ಯಾವಾಗ ನಿಲ್ಲಿಸಬೇಕು ಎನ್ನುವುದು ತನ್ನ ಕೈಯಲ್ಲಿಲ್ಲ. ಆದ್ದರಿಂದ ಕೂಲಿಗೆ ಹೋಗಿ ಬಂದವರಿಗೆ ‘ಬೆಳಿಗ್ಗೆ ಎದ್ದು ವಾಕಿಂಗ್ ಮಾಡ್ರಿ’ ಎಂದು ಉಪದೇಶಿಸುವುದು ಅನ್ಯಾಯ. ಅವರಿಗೆ ಬೇಕಾದದ್ದು ನಡುನಡುವೆ ನೆರಳು, ನೀರು, ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟು ಬಿಡುವು. ಗುತ್ತಿಗೆ ಹಿಡಿದು ಎಕರೆ ಲೆಕ್ಕದಲ್ಲಿ ಕೆಲಸ ಮುಗಿಸುವ ರೂಢಿ ಬಂದ ಮೇಲೆ ಕಳೆದುಹೋದದ್ದೂ ಅದೇ.

ಇನ್ನು ಹೊಲದ ಯಜಮಾನರ ವಿಷಯ. ಗೋವಿನಜೋಳ ಬಿತ್ತುವುದು ಟ್ರ್ಯಾಕ್ಟರ್, ಒಕ್ಕುವುದು ಮಷಿನ್, ಹೊಲಕ್ಕೆ ಹೋಗುವುದು ಬೈಕು. ‘ದುಡಿಯೋ ಮೈ’ ಎಂದು ಅವರು ಹೇಳುವಾಗ ಹೇಳುತ್ತಿರುವುದು ಅಪ್ಪನ ಮೈ ಬಗ್ಗೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ ಸಕ್ಕರೆ ಕಾಯಿಲೆ, ಶೇ 35.5 ಮಂದಿಗೆ ರಕ್ತದೊತ್ತಡ. ಹಳ್ಳಿ ಇದರಿಂದ ಹೊರಗೇನೂ ಉಳಿದಿಲ್ಲ. ಇವರಿಗೆ ವಾಕಿಂಗ್ ಹೇಳಬಹುದು, ಧಾರಾಳವಾಗಿ.

‘ಒಂದ್ ಬಾಟ್ಲಿ ಸಲಾಯಿನ್ ಏರಿಸಿದ್ರ ಶಕ್ತಿ ಬರತೈತಿ’

500 ಮಿಲಿಲೀಟರ್ ಗ್ಲೂಕೋಸ್ ಬಾಟ್ಲಿಯಲ್ಲಿ ಸಾಮಾನ್ಯವಾಗಿ ಇರುವುದು ಶೇ 5ರಷ್ಟು ಸಕ್ಕರೆ, ಎಂದರೆ 25 ಗ್ರಾಂ. ನೂರು ಕ್ಯಾಲೊರಿಯೂ ದಾಟುವುದಿಲ್ಲ. ಒಂದು ಜೋಳದ ರೊಟ್ಟಿ ಅದಕ್ಕಿಂತ ಹೆಚ್ಚು ಕೊಡುತ್ತದೆ, ಜೊತೆಗೆ ಪಲ್ಯದ ರುಚಿ ಬೇರೆ. ಬರೀ ಉಪ್ಪಿನ ಸಲಾಯಿನ್ ಆದರೆ ಅದರಲ್ಲಿ ಇರುವುದು ನಾಲ್ಕೂವರೆ ಗ್ರಾಂ ಉಪ್ಪು. ಶಕ್ತಿಯ ಲೆಕ್ಕಕ್ಕೆ ಸೊನ್ನೆ. ವಾಂತಿ-ಭೇದಿಯಾಗಿ ನೀರು ಬತ್ತಿದವರಿಗೆ, ಬಾಯಿಂದ ಏನೂ ಇಳಿಯದವರಿಗೆ ಇದು ಜೀವ ಉಳಿಸುವ ವಸ್ತು. ದಣಿದವರಿಗೆ ಅಲ್ಲ.

ದಣಿವು ಬಿಡದೆ ಕಾಡುತ್ತಿದ್ದರೆ ಮೊದಲು ನೋಡಬೇಕಾದದ್ದು ರಕ್ತ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಕಂಡುಬಂತು. ಹತ್ತಿರ ಹತ್ತಿರ ಅರ್ಧಕ್ಕರ್ಧ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸುವುದಕ್ಕೆ ಒಂದು ಬಾಟ್ಲಿ ಸಲಾಯಿನಿನ ಖರ್ಚೂ ಇಲ್ಲ. ಥೈರಾಯ್ಡ್, ಶುಗರ್ ಇವೂ ದಣಿವಿನ ವೇಷದಲ್ಲೇ ಬರುತ್ತವೆ. ಎಲ್ಲ ಪರೀಕ್ಷೆಯೂ ಸರಿಯಿದ್ದು, ಎರಡು ವಾರಕ್ಕೂ ಹೆಚ್ಚು ಯಾವುದರಲ್ಲೂ ಮನಸ್ಸು ನಿಲ್ಲದೆ, ಊಟ-ನಿದ್ದೆ ಕೆಟ್ಟು, ಬೆಳಗಿನ ಜಾವ ಎಚ್ಚರಾಗಿ ಮಲಗಲಾಗದೆ ಇದ್ದರೆ ಅದು ಖಿನ್ನತೆಯೂ ಆಗಿರಬಹುದು.

‘ಮನಿಯಾಗ ಇರಾಕೀಗೆ ಏನ್ ದಣಿವು?’

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಗಡಿಯಾರ ಹಿಡಿದೇ ಉತ್ತರ ಕೊಟ್ಟಿದೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಣ್ಣುಮಕ್ಕಳು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಇದು ಕೂಲಿ, ದನದ ಕೊಟ್ಟಿಗೆ, ಸಂಘದ ಸಭೆ ಬಿಟ್ಟು. ಹೆಚ್ಚು ಹೇಳುವ ಅಗತ್ಯವಿಲ್ಲ. ರೊಟ್ಟಿ ಬಡಿಯುವ ಸದ್ದು ಎಷ್ಟು ಗಂಟೆಗೆ ಶುರುವಾಗುತ್ತದೆ ಎಂಬುದು ಮಲಗಿದ್ದವರಿಗೂ ಗೊತ್ತು.

‘ನಿದ್ದಿ ಏನ್ರಿ, ಸತ್ತ ಮ್ಯಾಲೆ ಇದ್ದೇ ಐತಿ’

ಗಂಡಸರ ನಿದ್ದೆಗೆ ಬೇರೆಯದೇ ಶತ್ರು ಇದೆ: ತ್ರೀಫೇಸ್ ಕರೆಂಟು. ಪಂಪ್‌ಸೆಟ್ಟಿಗೆ ಪಾಳಿಯ ಮೇಲೆ ಕರೆಂಟು ಕೊಡುವಾಗ ರಾತ್ರಿ ಪಾಳಿ ಬಂದವರು ಟಾರ್ಚ್ ಹಿಡಿದು ಹೊಲಕ್ಕೆ ಓಡಬೇಕು. ಹಾವು ಹುಳದ ಭಯ ಬೇರೆ; 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದ್ದು ಸುಮ್ಮನೆ ಅಲ್ಲ. ವಯಸ್ಕರಿಗೆ ಏಳು ತಾಸು ನಿದ್ದೆ ಬೇಕು. ಅದು ವಾರಗಟ್ಟಲೆ ತುಂಡಾದರೆ ರಕ್ತದೊತ್ತಡ ಏರುತ್ತದೆ, ಸಿಟ್ಟು ಹತೋಟಿ ತಪ್ಪುತ್ತದೆ, ಬೆಳಿಗ್ಗೆ ಹೆಂಡತಿ-ಮಕ್ಕಳ ಮೇಲೆ ಹರಿಹಾಯುವುದು ನಡೆಯುತ್ತದೆ. ಊರಿನವರು ಅದನ್ನು ‘ಅವನ ಗುಣಾನ ಹಂಗ’ ಎನ್ನುತ್ತಾರೆ. ಹಗಲು ಕರೆಂಟಿನ ಬೇಡಿಕೆ ರೈತ ಸಂಘಟನೆಗಳ ಹಳೆಯ ಬೇಡಿಕೆ. ಅದನ್ನು ಆರೋಗ್ಯದ ಬೇಡಿಕೆಯಾಗಿಯೂ ಇಡಬೇಕಿತ್ತು ಎಂದು ನನಗೆ ಅನಿಸುತ್ತದೆ.

‘ಹಳ್ಳ್ಯಾಗ ಒಂಟಿತನ ಎಲ್ಲೈತಿ?’

ಕಟ್ಟೆ ಇದೆ, ಚಹಾದಂಗಡಿ ಇದೆ, ದೀಪಾವಳಿ ಬಂತೆಂದರೆ ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲಿ ಹೋರಿ ಬೆದರಿಸುವ ಸಂಭ್ರಮ ಇದೆ. ಒಂಟಿತನ ಬೆಂಗಳೂರಿನ ಫ್ಲ್ಯಾಟಿನದ್ದು ಎಂದು ನಾವು ನಂಬಿದ್ದೇವೆ. ಆದರೆ ಕಟ್ಟೆ ಯಾರದ್ದು? ಅಲ್ಲಿ ಕೂರುವವರು ಗಂಡಸರು, ಅದರಲ್ಲೂ ಎಲ್ಲ ಓಣಿಯ ಗಂಡಸರಲ್ಲ. ಹೊಸದಾಗಿ ನಡೆಯಲು ಬಂದ ಸೊಸೆಗೆ ಊರು ತುಂಬ ಜನ ಇದ್ದರೂ ಮನಸ್ಸು ಬಿಚ್ಚಿ ಮಾತಾಡುವ ಒಬ್ಬರು ಸಿಗುವುದು ಪಂಚಮಿಗೆ ತವರಿಗೆ ಹೋದಾಗಲೇ. ಗಂಡ ಸತ್ತವಳನ್ನು ಶುಭಕಾರ್ಯದ ಮನೆಗಳಲ್ಲಿ ಹಿಂದಿನ ಸಾಲಿಗೆ ಸರಿಸುತ್ತಾರೆ. ಮಕ್ಕಳು ಬೆಂಗಳೂರು, ಗೋವಾ ಸೇರಿದ ಮುದುಕರಿಗೆ ವಿಡಿಯೊ ಕಾಲ್ ಬರುತ್ತದೆ, ಊಟಕ್ಕೆ ಕರೆ ಬರುವುದಿಲ್ಲ.

ಇದು ಮನಸ್ಸಿಗೆ ಬೇಸರ ತರುವ ಮಾತಷ್ಟೇ ಅಲ್ಲ. 2010ರಲ್ಲಿ ಅಮೆರಿಕದ ಜೂಲಿಯನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳಿಂದ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕೂಡಿಸಿ ನೋಡಿದರು. ಗಟ್ಟಿ ಸಂಬಂಧಗಳಿದ್ದವರು ಬದುಕಿ ಉಳಿಯುವ ಸಾಧ್ಯತೆ ಉಳಿದವರಿಗಿಂತ ಶೇ 50ರಷ್ಟು ಹೆಚ್ಚಿತ್ತು. 2025ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಮಂದಿಯಲ್ಲಿ ಒಬ್ಬರಿಗೆ ಒಂಟಿತನದ ಬಾಧೆ.

ಮುಯ್ಯಾಳಿನ ಪದ್ಧತಿ ಇದ್ದಾಗ ನಿನ್ನ ಹೊಲಕ್ಕೆ ನಾನು, ನನ್ನ ಹೊಲಕ್ಕೆ ನೀನು ಎನ್ನುವ ಲೆಕ್ಕದಲ್ಲೇ ಮಾತು, ಹಾಡು, ಜಗಳ, ರಾಜಿ ಎಲ್ಲ ಆಗುತ್ತಿತ್ತು. ದಿನಗೂಲಿ, ಮಷಿನ್ ಬಂದ ಮೇಲೆ ಕೆಲಸ ಬೇಗ ಮುಗಿಯಿತು, ಆ ಕೂಟ ಮುರಿಯಿತು. ಹಳೆಯದೆಲ್ಲ ಚೆನ್ನ ಎಂದು ಹೇಳುತ್ತಿಲ್ಲ. ಮುಯ್ಯಿಗೆ ಜಾತಿಯ ಗೆರೆಯೂ ಇತ್ತು. ಈಗ ಆ ಜಾಗವನ್ನು ಒಂದಿಷ್ಟು ತುಂಬಿದ್ದು ಸ್ವಸಹಾಯ ಸಂಘಗಳು, ಭಜನಾ ಮೇಳಗಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿ 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಸ್ಸಿನಲ್ಲಿ ಹೆಂಗಸರ ಗದ್ದಲ ಎಂದು ಗೊಣಗುವವರು ಇದ್ದಾರೆ. ತವರಿಗೆ, ಅಕ್ಕನ ಮನೆಗೆ, ಹುಬ್ಬಳ್ಳಿ ಆಸ್ಪತ್ರೆಗೆ ಗಂಡನ ಮುಂದೆ ಕೈ ಚಾಚದೆ ಹೋಗಿಬರುವುದು ಎಂಥ ಔಷಧಿ ಎಂದು ಆ ಗದ್ದಲದಲ್ಲೇ ಕೇಳಿಸುತ್ತದೆ.

‘ಇದು ಗಾಳಿ ಸೋಂಕು, ಡಾಕ್ಟರ ಕೈಯಾಗಿಲ್ಲ’

ಶಿಗ್ಗಾವಿ ತಾಲ್ಲೂಕಿನಲ್ಲಿ ನಿಂತು ‘ದೇವರು ದಿಂಡರು ಎಲ್ಲ ಬಿಡಿ’ ಎನ್ನುವವರು ಆ ಸೀಮೆಯನ್ನು ಅರಿಯದವರು. ಬಾಡದ ಕನಕದಾಸರು, ಶಿಶುವಿನಹಾಳದ ಶರೀಫರು, ಹುಲಗೂರಿನ ಖಾದ್ರಿ ದರ್ಗಾ ಎಲ್ಲ ಒಂದೇ ತಾಲ್ಲೂಕಿನೊಳಗೆ. ಮುಸಲ್ಮಾನ ಶರೀಫರಿಗೆ ಬ್ರಾಹ್ಮಣ ಗುರು ಗೋವಿಂದಭಟ್ಟರು; ಶರೀಫರ ಗದ್ದುಗೆಗೆ ಈಗಲೂ ಎರಡೂ ಕಡೆಯವರು ಹಣೆ ಹಚ್ಚುತ್ತಾರೆ. ಇಂಥ ಜಾಗಗಳಲ್ಲಿ ನೊಂದವರಿಗೆ ಏನೋ ಒಂದು ಸಿಗುತ್ತದೆ.

ಅದು ಏನು ಎಂದು ಅಳೆದು ನೋಡಿದವರು ಬೆಂಗಳೂರಿನ ನಿಮ್ಹಾನ್ಸ್‌ನವರೇ. ಅಲ್ಲಿನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಗೆ ಬಂದು ತಂಗಿದ್ದ 31 ಮನೋರೋಗಿಗಳನ್ನು ಗಮನಿಸಿ 2002ರಲ್ಲಿ ವರದಿ ಬರೆದರು. ಗುಡಿಯಲ್ಲಿ ವಿಶೇಷ ಪೂಜೆ, ಬಿಡಿಸುವ ಮಂತ್ರ ಏನೂ ಇರಲಿಲ್ಲ. ಸರಾಸರಿ ಆರು ವಾರ ಮನೆಯವರ ಜೊತೆ ಇದ್ದು, ಕಸ ಗುಡಿಸಿ, ಗಿಡಕ್ಕೆ ನೀರು ಹಾಕಿ, ಬೆಳಗಿನ ಪೂಜೆಯಲ್ಲಿ ಕೂತದ್ದಷ್ಟೇ. ರೋಗಲಕ್ಷಣಗಳ ಅಂಕ ಸುಮಾರು ಶೇ 20 ಇಳಿದಿತ್ತು. ಬೈಗುಳವಿಲ್ಲದ ಜಾಗ, ಕೈಗೆ ಕೆಲಸ, ಜೊತೆಗೆ ಮನೆಯ ಒಬ್ಬರು. ಕೆಲಸ ಮಾಡಿದ್ದು ಇವು ಎಂದು ಊಹಿಸುವುದು ಕಷ್ಟವಲ್ಲ.

ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ಮನೋರೋಗಿಗಳು ಓಡಲಾರದೆ 28 ಮಂದಿ ಸತ್ತರು. ದರ್ಗಾದ ಹೆಸರಿನಲ್ಲಿ ಸುತ್ತ ಎದ್ದಿದ್ದ ಖಾಸಗಿ ಆಶ್ರಯಗಳಲ್ಲಿ ಒಂದು ಅದು. ಗುಡಿಗೆ ಹೋಗುವುದು ತಪ್ಪಲ್ಲ. ಸರಪಳಿ, ಹೊಡೆತ, ಉಪವಾಸ, ‘ಗುಳಿಗೆ ಬಿಟ್ಟು ಬಾ’ ಎನ್ನುವ ಕಟ್ಟಳೆ ತಪ್ಪು. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಮುಜಾವರರೇ ಭಕ್ತರನ್ನು ಪಕ್ಕದ ಮನೋವೈದ್ಯರ ಕೋಣೆಗೆ ಕಳಿಸುವ ‘ದವಾ-ದುವಾ’ ಏರ್ಪಾಡು ಇದೆ. ಹುಲಗೂರು, ಶಿಶುವಿನಹಾಳದಂಥ ಜಾಗಗಳಿಗೆ ಇದು ಒಗ್ಗದೆ ಇರಲು ಕಾರಣವೇ ಇಲ್ಲ.

ದೂರದ ಮಾತೂ ಅಲ್ಲ. ಧಾರವಾಡದಲ್ಲಿ ಮನೋರೋಗಗಳ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಹಾವೇರಿಯಲ್ಲಿ ವೈದ್ಯಕೀಯ ಕಾಲೇಜು ಬಂದಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಕೂಡುತ್ತಾರೆ. ಯಾವ ಮಂಗಳವಾರ ಯಾವ ತಾಲ್ಲೂಕು ಎಂಬುದನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ.

‘ಆ ಗುಳಿಗಿ ಒಮ್ಮೆ ಹಿಡದ್ರ ಬಿಡಂಗಿಲ್ಲ’

ಎರಡು ಬಗೆಯ ಗುಳಿಗೆಗಳನ್ನು ಒಂದೇ ಚೀಲಕ್ಕೆ ಹಾಕಿ ಆಡುವ ಮಾತು ಇದು. ಖಿನ್ನತೆಗೆ ಕೊಡುವ ಗುಳಿಗೆ ಚಟ ಹಿಡಿಸುವುದಿಲ್ಲ. ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಎಂಟು ದಿನಕ್ಕೇ ‘ಏನೂ ಆಗ್ಲಿಲ್ಲ’ ಎಂದು ಬಿಡುವವರೇ ಹೆಚ್ಚು. ಆರಾಮಾದ ಮೇಲೂ ಆರು ತಿಂಗಳಿಂದ ಒಂಬತ್ತು ತಿಂಗಳು ಮುಂದುವರಿಸಿ, ಡಾಕ್ಟರು ಹೇಳಿದಂತೆ ನಿಧಾನ ಇಳಿಸಿ ನಿಲ್ಲಿಸಬಹುದು. ಅಂಟಿಕೊಳ್ಳುವುದು ಆಲ್ಪ್ರಜೋಲಾಮ್‌ನಂಥ ನಿದ್ದೆಗುಳಿಗೆ. ಮನೋವೈದ್ಯರಿಗೆ ಹೆದರುವವರೇ ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ಅದನ್ನು ಕೇಳಿ ಪಡೆದು ತಿಂಗಳುಗಟ್ಟಲೆ ನುಂಗುತ್ತಾರೆ.

‘ಮಾಲಿ ಹಾಕಿದಾಗ ಬಿಡತಾನ, ಮನಸ್ ಮಾಡಿದ್ರ ಈಗೂ ಬಿಡತಾನ’

ಅಯ್ಯಪ್ಪನ ಮಾಲೆ ಹಾಕಿದವರು ಕುಡಿತ ಬಿಟ್ಟದ್ದನ್ನು ಎಲ್ಲರೂ ಕಂಡಿದ್ದೇವೆ. ಅಲ್ಲಿ ಗೆದ್ದದ್ದು ಬರೀ ಮನಸ್ಸಿನ ಗಟ್ಟಿತನವಲ್ಲ. ನಿನ್ನೆವರೆಗೆ ‘ಕುಡುಕ’ ಎಂದವರು ‘ಸ್ವಾಮಿ’ ಎಂದು ಕರೆಯುತ್ತಾರೆ, ಸಂಜೆ ಹೊತ್ತಿಗೆ ಭಜನೆ ಇದೆ, ಜೊತೆಗೆ ಅದೇ ವ್ರತದ ಸಂಗಡಿಗರಿದ್ದಾರೆ. ಮಾಲೆ ತೆಗೆದ ಸಂಜೆ ಹಳೆಯ ದೋಸ್ತರು ಬಾಗಿಲಿಗೆ ಬರುತ್ತಾರೆ. 2007ರ ಜುಲೈ 1ರಿಂದ ಸಾರಾಯಿ ನಿಂತರೂ ಕುಡಿತ ನಿಲ್ಲಲಿಲ್ಲ. ಪ್ಯಾಕೆಟ್ಟಿನ ಬದಲು ಕ್ವಾರ್ಟರ್ ಬಂತು, ಖರ್ಚು ಏರಿತು.

ಇನ್ನೊಂದು ಅಪಾಯ ಯಾರೂ ಹೇಳುವುದಿಲ್ಲ. ದಿನಾ ಬೆಳಿಗ್ಗೆಯಿಂದ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈ ನಡುಗಿ, ಮೂರ್ಛೆ ಬಂದು, ಇಲ್ಲದ್ದು ಕಾಣಿಸಿ ಜೀವಕ್ಕೇ ಕುತ್ತಾಗಬಹುದು. ಮನೆಯವರು ಅದನ್ನೂ ‘ಗಾಳಿ’ ಎನ್ನುತ್ತಾರೆ. ಇಂಥವರು ಆಸ್ಪತ್ರೆಯಲ್ಲಿ ಬಿ-1 ಜೀವಸತ್ವ ಮತ್ತು ಗುಳಿಗೆಯ ಆಸರೆಯಲ್ಲಿ ಬಿಡಬೇಕು. ಇನ್ನು ‘ದಣಿವಿಗೆ, ನಿದ್ದಿಗೆ ಸ್ವಲ್ಪ’ ಎನ್ನುವವರಿಗೆ ಒಂದು ಮಾತು: ಕುಡಿತ ಬೇಗ ಮಲಗಿಸುತ್ತದೆ, ನಡುರಾತ್ರಿಯ ಮೇಲಿನ ನಿದ್ದೆಯನ್ನು ಕೆಡಿಸುತ್ತದೆ.

‘ಸಾಲ ತೀರಿದ್ರ ಎಲ್ಲಾ ಸರಿ ಹೊಕ್ಕೈತಿ’

ಈ ಮಾತಿಗೆ ಎದುರಾಡಲು ನನಗೆ ಅರ್ಧ ಮನಸ್ಸಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿದ ಜಿಲ್ಲೆ ಇದು. ಇಲ್ಲಿ ಸಂಕಟಕ್ಕೆ ಮಳೆ, ಬೆಲೆ, ಬಡ್ಡಿ ಕಾರಣವಲ್ಲ, ಪ್ರಾಣಾಯಾಮ ಮಾಡದಿದ್ದದ್ದೇ ಕಾರಣ ಎನ್ನುವುದು ಕ್ರೂರ. ಕಿರುಸಾಲದ ಕಂತಿನ ವಸೂಲಿಯಂತೂ ನೆಮ್ಮದಿಯ ಬುಡಕ್ಕೇ ಕೈ ಹಾಕಿತು. ಗುಂಪು ಜಾಮೀನಿನಲ್ಲಿ ಒಬ್ಬಳು ಕಂತು ತಪ್ಪಿಸಿದರೆ ವಸೂಲಿಗೆ ಬರುವವಳು ಓಣಿಯ ಗೆಳತಿಯೇ. ಕಷ್ಟ ಹೇಳಿಕೊಳ್ಳಬೇಕಾದವರ ಮುಂದೆಯೇ ಮುಖ ಮರೆಸಿಕೊಳ್ಳುವ ಪಾಡು ಅದು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು.

ಆದರೂ ಉಳಿದರ್ಧ ಹೇಳಲೇಬೇಕು. ಖಿನ್ನತೆಗೆ ಬಿದ್ದ ಮನಸ್ಸಿಗೆ ಇರುವ ದಾರಿಗಳೂ ಕಾಣಿಸುವುದಿಲ್ಲ. ಬ್ಯಾಂಕಿಗೆ ಹೋಗಿ ಕಂತು ಮುಂದೂಡಿಸುವುದು, ಬೆಳೆವಿಮೆಯ ಅರ್ಜಿ ತುಂಬುವುದು, ಅಣ್ಣನ ಹತ್ತಿರ ಬಾಯಿ ಬಿಡುವುದು ಯಾವುದಕ್ಕೂ ಕಾಲು ಏಳುವುದಿಲ್ಲ. ಸಾಲಕ್ಕೂ ಮದ್ದು ಬೇಕು, ಮನಸ್ಸಿಗೂ ಬೇಕು, ಎರಡೂ ಒಟ್ಟಿಗೇ.

‘ಸಾಯೋನು ಹೇಳಿ ಸಾಯಂಗಿಲ್ಲ; ಕೇಳಿದ್ರ ಇಲ್ಲದ್ದು ತೆಲಿಯಾಗ ತುಂಬಿದಂಗ’

ಎರಡೂ ತಪ್ಪು. ಸಾಯುವ ಮಾತಾಡಿದವರಲ್ಲಿ ಹಲವರು ನಿಜಕ್ಕೂ ಕುತ್ತಿನಲ್ಲಿರುತ್ತಾರೆ. ನೇರವಾಗಿ, ಮೆಲ್ಲಗೆ ‘ಜೀವ ಬ್ಯಾಡ ಅನಿಸ್ತೈತೇನ ತಮ್ಮಾ’ ಎಂದು ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೊತ್ತ ಭಾರ ಇಳಿಸಲು ಜಾಗ ಸಿಗುತ್ತದೆ. ನಿರ್ಧಾರ ಮಾಡಿದವರನ್ನು ತಡೆಯಲಾಗದು ಎಂಬುದೂ ನಿಲ್ಲುವ ಮಾತಲ್ಲ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಹೋದಾಗ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70 ಇಳಿಯಿತು. ಸಾಯಬೇಕೆಂಬ ತೀವ್ರತೆ ಹಲವು ಬಾರಿ ಒಂದಿಷ್ಟು ಹೊತ್ತಿನದ್ದು. ಆ ಹೊತ್ತು ದಾಟಿಸಿದರೆ ಜೀವ ಉಳಿಯುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿ ಒಬ್ಬರಿರಬೇಕು, ಕೀಟನಾಶಕ ಮನೆಯೊಳಗೆ ಇರಬಾರದು. 14416 ಎಂಬುದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

‘ಆಸ್ಪತ್ರಿಗೆ ಒಯ್ದ್ರ ಕೇಸ್ ಆಗತೈತಿ’

ಈ ಹೆದರಿಕೆಯಿಂದಲೇ ‘ಹೊಟ್ಟಿನೋವು’ ಎಂದು ಸುಳ್ಳು ಹೇಳಿ ದಾಖಲು ಮಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ, ಅವರಿಗೆ ಆರೈಕೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮೇ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿ ದಾಖಲೆ ಬರೆದುಕೊಳ್ಳುವುದು ನಡೆದೀತು, ಅದು ಶಿಕ್ಷೆಯಲ್ಲ. ಡಾಕ್ಟರಿಗೆ ನಡೆದದ್ದು ನಡೆದಂತೆ ಹೇಳಿ, ಏಕೆಂದರೆ ಚಿಕಿತ್ಸೆ ನಿಂತಿರುವುದು ಅದರ ಮೇಲೆ. ಮನೆಗೆ ಕಳಿಸುವ ಮುನ್ನ ಮನೋವೈದ್ಯರು ಒಮ್ಮೆ ನೋಡಲಿ ಎಂದು ಕೇಳಿ, ಮುಂದಿನ ಭೇಟಿಯ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ.